ವ್ಯಾನು ಬಂತು, ಡ್ರೈವರ್ ಸಂಬಳ?

ಕೇಳುಗರೇ, ನಮಸ್ಕಾರ.

ಹಾಸಿಗೆ ಹಿಡಿದ ವಯಸ್ಸಾದವರ ಮನೆಗೆ ದಿನಾ ಮಧ್ಯಾಹ್ನ ಊಟ ತಲುಪಿಸುವ ಒಂದು ಚಿಕ್ಕ ಸಂಸ್ಥೆ ಇದೆ ಅಂತ ಇಟ್ಟುಕೊಳ್ಳಿ. ಒಂದು ದೊಡ್ಡ ಟ್ರಸ್ಟ್ ಅದಕ್ಕೆ ವ್ಯಾನು ಕೊಡಿಸುತ್ತದೆ. ಕೀ ಕೊಡುವಾಗ ಫೋಟೊ, ವ್ಯಾನಿನ ಎರಡೂ ಬದಿಗೆ ದಾನಿಗಳ ಹೆಸರು. ಸಂತೋಷ. ಆದರೆ ಡ್ರೈವರಿಗೆ ಸಂಬಳ ಯಾರು ಕೊಡಬೇಕು? ಡೀಸೆಲ್ಲು, ಇನ್ಶೂರೆನ್ಸು, ಸವೆದ ಟೈರು? ಅನುದಾನದ ಪತ್ರದಲ್ಲಿ ಇದಕ್ಕೆಲ್ಲ ಜಾಗವೇ ಇಲ್ಲ. ಆರು ತಿಂಗಳಿಗೆ ವ್ಯಾನು ಶೆಡ್ಡು ಸೇರಿದರೆ ಆಶ್ಚರ್ಯವೇನಿಲ್ಲ.

ಕೊಡುವವರ ಅಂಜಿಕೆಯೂ ಸುಮ್ನೆ ಹುಟ್ಟಿದ್ದಲ್ಲ. ತಮ್ಮ ದುಡ್ಡು ಆಫೀಸ್ ಖರ್ಚಿನಲ್ಲೇ ಕರಗಿಹೋಗಬಾರದು ಅನ್ನುತ್ತಾರೆ. ನ್ಯಾಯವೇ. ಆದರೆ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸೊಬ್ಬಳು ರಾತ್ರಿ ಎರಡು ಗಂಟೆಗೆ ಆಶ್ರಯ ಕೇಂದ್ರದ ಬಾಗಿಲು ತಟ್ಟಿದರೆ, ಎದ್ದು ತೆರೆಯಲು ಒಬ್ಬರು ಇರಬೇಕಲ್ವಾ? ಅಲ್ಲಿ ಆ ಒಬ್ಬರೇ ಸೇವೆ. ಲೆಕ್ಕದಲ್ಲಿ ಮಾತ್ರ ಅವರ ಸಂಬಳ 'ಆಡಳಿತ ವೆಚ್ಚ'!

ಇದರಿಂದ ಇನ್ನೊಂದು ಕೆಟ್ಟ ಅಭ್ಯಾಸ ಬೆಳೆದಿದೆ. ಅನುದಾನ ಸಿಗಲಿ ಅಂತ ಸಂಸ್ಥೆಗಳು ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಸಂಬಳ ಎಲ್ಲವನ್ನೂ ಕಡಿಮೆ ತೋರಿಸುತ್ತವೆ. ಅದನ್ನೇ ನಿಜವೆಂದು ನಂಬಿ ದಾನಿಗಳು ಮುಂದಿನ ಸಲ ಇನ್ನೂ ಕಡಿಮೆ ನಿರೀಕ್ಷಿಸುತ್ತಾರೆ. 2009ರಲ್ಲೇ ಸ್ಟ್ಯಾನ್‌ಫೋರ್ಡ್‌ನ ಒಂದು ಪತ್ರಿಕೆ ಈ ಸುಳಿಯನ್ನು ಬಿಡಿಸಿ ತೋರಿಸಿತ್ತು. ಸಂಸ್ಥೆಗಳು ಹೊಟ್ಟೆ ಕಟ್ಟಿಕೊಂಡು ಸೊರಗುತ್ತವೆ ಅನ್ನುವುದು ಅದರ ಸಾರ.

ಕೆಲವು ಟ್ರಸ್ಟ್‌ಗಳು ದಾರಿ ಬದಲಿಸಿವೆ. ಅಮೆರಿಕದ ಫೋರ್ಡ್ ಫೌಂಡೇಶನ್ ಯೋಜನೆಗಳ ಅನುದಾನದಲ್ಲಿ ಬಾಡಿಗೆ, ಆಡಳಿತದಂಥ ಖರ್ಚಿಗೆ ಕೊಡುತ್ತಿದ್ದ ಪಾಲನ್ನು 2016ರಿಂದ ಶೇ. 10ರಿಂದ ಶೇ. 20ಕ್ಕೆ ಏರಿಸಿತು. ಅಲ್ಲಿನದೇ ಶ್ರೀಮಂತ ದಾನಿ ಮೆಕೆಂಜಿ ಸ್ಕಾಟ್ 2020ರಿಂದ ಸಾವಿರಾರು ಸಂಸ್ಥೆಗಳಿಗೆ, ಇಂಥದ್ದಕ್ಕೇ ಖರ್ಚು ಮಾಡಿ ಅನ್ನದೆ, ದೊಡ್ಡ ಮೊತ್ತ ಕೊಟ್ಟಿದ್ದಾರೆ. ನನ್ನ ಕೇಳಿದರೆ, ಸಂಸ್ಥೆಯನ್ನು ಚೆನ್ನಾಗಿ ವಿಚಾರಿಸಿಕೊಂಡು, ನಂಬಿಕೆ ಬಂದ ಮೇಲೆ ಎರಡು ಮೂರು ವರ್ಷ ಕೈ ಹಿಡಿಯುವುದೇ ಜಾಣತನ. ವರ್ಷಕ್ಕೊಂದು ಹೊಸ ಯೋಜನೆ ಕೇಳಿದರೆ ಹೊಸ ಹೆಸರು ಬರುತ್ತದೆ, ಕೆಲಸ ಅದೇ ಇರುತ್ತದೆ.

ಅರ್ಜಿ ಹಾಕುವವರಿಗೂ ಒಂದು ಮಾತು. ಪೂರ್ತಿ ಖರ್ಚು ಬರೆಯಿರಿ. ಮ್ಯಾನೇಜರ್ ವಾರದಲ್ಲಿ ಎರಡು ದಿನ ಈ ಕೆಲಸಕ್ಕೇ ಓಡಾಡಿದರೆ, ಆ ಎರಡು ದಿನದ ಸಂಬಳ ಯೋಜನೆಯ ಖರ್ಚೇ. ಅದನ್ನು ಅಲ್ಲೇ ತೋರಿಸಿ. ದುಡ್ಡು ಮುಂಗಡವಾಗಿ ಕಂತಿನಲ್ಲಿ ಬರುತ್ತದೋ, ಇಲ್ಲಾ ನೀವು ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೋ ಅನ್ನುವುದನ್ನೂ ನೋಡಿಕೊಳ್ಳಿ. ಕೈಯಲ್ಲಿ ಗಂಟಿಲ್ಲದ ಸಂಸ್ಥೆಗೆ ಬಿಲ್ಲಿನ ಮೇಲೆ ಬರುವ ಅನುದಾನ ಸಾಲದ ಹೊರೆಯಾಗಬಹುದು. ಷರತ್ತು ಓದಿದರೂ ತಿಳಿಯದಿದ್ದರೆ, ಅರ್ಜಿ ತುಂಬುವ ಮೊದಲೇ ಟ್ರಸ್ಟಿನವರಿಗೆ ಫೋನ್ ಮಾಡಿ ಕೇಳಿ.

ನಮಸ್ಕಾರ.