ಮಗಳು ‘ಬೇಡ’ ಅಂದಾಗ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಮಗಳು ಈಚೆಗೆ ಎಲ್ಲದಕ್ಕೂ ‘ಬೇಡ’ ಅನ್ನುತ್ತಾಳೆ. ಸ್ನಾನಕ್ಕೆ ಕರೆದರೆ ಬೇಡ, ಮಲಗು ಅಂದರೆ ಬೇಡ, ತಲೆ ಬಾಚೋಣ ಬಾ ಅಂದರೂ ಬೇಡ. ಬೇರೆಯವರು ಇದನ್ನು ಹಟ ಅನ್ನಬಹುದು. ಆದರೆ ಅವಳಿಗೆ ಮಾತು ಬಂದದ್ದೇ ತಡವಾಗಿ. ಈ ಮಾತು ಮೊದಲ ಸಲ ಬಂದಾಗ ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಅವತ್ತು ಸ್ನಾನ ಮಾಡಿಸಲಿಲ್ಲ. ಬಾಯಿಬಿಟ್ಟು ಬೇಡ ಅಂದಿದ್ದಾಳೆ, ಅದಕ್ಕೆ ಬೆಲೆ ಕೊಡಬೇಕಲ್ವಾ?

ಎರಡು ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮಕ್ಕಳು ಸುಮಾರು 50 ಪದ ಆಡುತ್ತಾರೆ. ‘ಅಮ್ಮ ಬಾ’ ಅಂತ ಎರಡು ಪದ ಜೋಡಿಸುತ್ತಾರೆ. ನಮ್ಮವಳು ಆಗ ಬೆರಳು ತೋರಿಸುತ್ತಿದ್ದಳು, ಕೈಹಿಡಿದು ಎಳೆಯುತ್ತಿದ್ದಳು, ಅಷ್ಟೇ. ‘ಅವಳಪ್ಪನೂ ತಡವಾಗೇ ಮಾತಾಡಿದ್ದು, ಬಿಡಿ’ ಅಂತ ಮನೆಯವರು ಧೈರ್ಯ ಹೇಳಿದರು. ತಡವಾಗಿ ಮಾತು ಕಲಿತು ಆಮೇಲೆ ಸರಿಹೋಗುವ ಮಕ್ಕಳು ಇದ್ದಾರೆ, ನಿಜ. ಆದರೆ ನಮ್ಮ ಮಗು ಅದರಲ್ಲಿ ಒಂದು ಅಂತ ಮೊದಲೇ ಹೇಳುವುದು ಹೇಗೆ?

ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಕರೆದರೆ ತಿರುಗಿ ನೋಡುತ್ತದೆ ಅಂದಮಾತ್ರಕ್ಕೆ ಮಗುವಿನ ಕಿವಿ ಪೂರಾ ಸರಿ ಇದೆ ಅಂತಲ್ಲ. ಕಿವಿಯೊಳಗೆ ದ್ರವ ತುಂಬಿಕೊಂಡಿದ್ದರೆ ದನಿ ಕೇಳಿಸಿದರೂ ಪದ ಮಸುಕಾಗಿ ಕೇಳಿಸಬಹುದು. ನಮ್ಮವಳ ಕಿವಿ ಚೆನ್ನಾಗಿತ್ತು. ಹೇಳಿದ್ದೂ ಅರ್ಥವಾಗುತ್ತಿತ್ತು. ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಅಂದಹಾಗೆ, ಆಡುತ್ತಿದ್ದ ಮಾತನ್ನೇ ಮಗು ಬಿಟ್ಟುಬಿಟ್ಟರೆ ಅದು ಬೇರೆ ವಿಷಯ. ಆಗ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಮಾತು ಬರಲು ನೆರವಾಗುವ ತಜ್ಞರು, ಅಂದರೆ ಸ್ಪೀಚ್ ಥೆರಪಿಸ್ಟ್ ಬಳಿ ಹೋದರೆ, ಅವರು ಮೊದಲು ತಿದ್ದಿದ್ದು ನಮ್ಮನ್ನು. ‘ಹೇಳು, ಹೇಳು ಪುಟ್ಟಿ’ ಅಂತ ಪೀಡಿಸಬೇಡಿ, ಸುಮ್ನೆ ಕಾಯಿರಿ ಅಂದರು. ಸೋಪಿನ ಗುಳ್ಳೆ ಊದುವ ಡಬ್ಬಿ ತೆಗೆದರು. ಒಂದು ಸಲ ಊದಿ ಮುಚ್ಚಳ ಹಾಕಿದರು. ಮಗಳು ಡಬ್ಬಿ ನೋಡಿದಳು, ಅವರ ಮುಖ ನೋಡಿದಳು, ಕೈ ತಟ್ಟಿದಳು. ಅವರು ಹುಬ್ಬು ಏರಿಸಿಕೊಂಡು ಕೂತೇ ಇದ್ದರು. ನನಗೋ ತಡೆಯಲಾಗುತ್ತಿಲ್ಲ, ಬಾಯಿ ಹಾಕಲು ಹೊರಟಿದ್ದೆ, ಹೆಂಡತಿ ಮೊಣಕೈಯಿಂದ ತಿವಿದಳು. ಅಷ್ಟರಲ್ಲಿ ಮಗಳು ಎರಡೂ ತುಟಿ ಒತ್ತಿ ‘ಬ’ ಅಂದಳು. ಮುಚ್ಚಳ ತೆರೆಯಿತು. ಕೋಣೆ ತುಂಬ ಗುಳ್ಳೆ.

ಪ, ಬ, ಮ ಮಕ್ಕಳಿಗೆ ಬೇಗ ಬರುತ್ತವೆ. ತುಟಿ ಹೇಗೆ ಕೂಡುತ್ತದೆ ಅಂತ ಕಣ್ಣಿಗೇ ಕಾಣುತ್ತದಲ್ಲ. ರ ಬರುವುದು ತುಂಬ ತಡ. ಬೆಕ್ಕು ಕಂಡಾಗಲೆಲ್ಲ ‘ಮ್ಯಾವ್’ ಅಂದರೆ ಅದನ್ನೂ ಪದ ಅಂತಲೇ ಲೆಕ್ಕ ಹಿಡಿಯಬೇಕಂತೆ. ಇದು ಗೊತ್ತಾದ ದಿನ ನಮ್ಮ ಪಟ್ಟಿ ಒಮ್ಮೆಲೇ ಉದ್ದವಾಯಿತು!

ಮನೆಗೆ ಬಂದವರು ಮಾತ್ರ ‘ಒಂದು ಪದ್ಯ ಹೇಳಿಸಿ, ನೋಡೋಣ’ ಅನ್ನುತ್ತಾರೆ. ಬಾಯಿಪಾಠ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅದು ನಾವು ತುಂಬಿದ್ದು. ‘ಬೇಡ’ ಅನ್ನುವುದು ಅವಳ ಮನಸ್ಸಿನಲ್ಲಿ ಇದ್ದದ್ದು. ಅವಳು ‘ನೀಲು’ ಅಂದರೆ ನಾವು ತಪ್ಪು ಅನ್ನುವುದಿಲ್ಲ. ‘ನೀರು ಬೇಕಾ? ತಗೋ, ನೀರು’ ಅಂತ ಒಂದು ಪದ ಜಾಸ್ತಿ ಸೇರಿಸಿ ಕೊಡುತ್ತೇವೆ.

ಹೋದ ವಾರ ಕಿಟಕಿಯ ಹತ್ತಿರ ನಿಂತು ‘ಮ್ಯಾವ್ ಓತು’ ಅಂದಳು. ಎರಡು ಪದ! ಬೆಕ್ಕು ನಿಜಕ್ಕೂ ಹೋಗಿತ್ತು. ಅವಳಿಗೆ ಏನೂ ಬೇಕಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ತಾನಾಗಿ ನಮಗೊಂದು ಸುದ್ದಿ ಹೇಳಿದಳು. ಕೂಡಲೇ ಅಜ್ಜಿಗೆ ಫೋನ್ ಮಾಡಿದೆವು. ‘ಎಲ್ಲಿಗೆ ಹೋಯಿತಂತೆ ಬೆಕ್ಕು?’ ಅಂತ ಅಜ್ಜಿ ಕೇಳಿದರು. ಅವಳೇ ಹೇಳಲಿ ಅಂತ ಫೋನನ್ನು ಕೈಗೆ ಕೊಟ್ಟರೆ, ಕೆಂಪು ಗುಂಡಿ ಒತ್ತಿ ಕಾಲ್ ಕಟ್ ಮಾಡಿದಳು.

ನಮಸ್ಕಾರ.