ಉದ್ರಿ ಪುಸ್ತಕದ ಮಳೆಗಾಲ

ಕೇಳುಗರೇ, ನಮಸ್ಕಾರ.

ಕಾರವಾರದ ಬೈತಖೋಲದಲ್ಲಿ ಜೂನ್ 1ಕ್ಕೆ ಬೋಟುಗಳು ದಡ ಸೇರಿದರೆ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಆಗ ಉದ್ರಿ ಪುಸ್ತಕ ಮಡಚುವುದೇ ಇಲ್ಲ. ಕಾಲು ಲೀಟರ್ ಎಣ್ಣೆ, ಅರ್ಧ ಕೆ.ಜಿ. ಈರುಳ್ಳಿ, ಒಂದು ತೆಂಗಿನಕಾಯಿ, ಬರ್ಕೊಳ್ಳಿ. ರೇಷನ್ ಅಕ್ಕಿ ಇದ್ದರೂ ಗಂಜಿಗೆ ನೆಂಚಿಕೊಳ್ಳಲು ಏನಾದರೂ ಬೇಕಲ್ಲ? ಬೇಸಿಗೆಯಲ್ಲಿ ಒಣಗಿಸಿಟ್ಟ ಬಂಗಡೆ, ಸಿಗಡಿ ಮುಗಿದು ಡಬ್ಬಿಯ ತಳ ಕಂಡಿತೆಂದರೆ ಕಿವಿಯ ಬೆಂಡೋಲೆ ಅಡಮಾನಕ್ಕೆ ಹೊರಡುತ್ತದೆ.

ಸಾಲ ಕೊಡುವವರು ಎಮ್ಮೆಗೆ ಕೊಟ್ಟರು, ಬಲೆಗೆ ಕೊಟ್ಟರು. ಅಕ್ಕಿ-ಬೇಳೆಗೆ ಎಂದರೆ 'ತಿಂದು ಮುಗಿಸ್ತಾರೆ' ಎಂದರು. 1990ರ ದಶಕದಲ್ಲಿ ಈ ಮಾತನ್ನು ಪ್ರಶ್ನಿಸಿದವರಲ್ಲಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ಮ್ಯಾನ್‌ಫ್ರೆಡ್ ಝೆಲ್ಲರ್ ಮತ್ತು ಸಂಗಡಿಗರು ಇದ್ದರು. ಬಡವರ ಬಂಡವಾಳ ಅವರ ರಟ್ಟೆ. ಆ ರಟ್ಟೆಗೆ ಕಸುವು ತುಂಬುವ ಸಾಲವೂ ದುಡಿಮೆಯ ಸಾಲವೇ ಎಂಬುದು ಅವರ ವಾದದ ತಿರುಳು.

ಮುಂದೆ ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾದ 250ಕ್ಕೂ ಹೆಚ್ಚು ಮನೆಗಳಿಗೆ ಸಂಶೋಧಕರು ಹದಿನೈದು ದಿನಕ್ಕೊಮ್ಮೆ, ವರ್ಷವಿಡೀ ಎಡತಾಕಿ ಪೈಸೆ ಪೈಸೆ ಲೆಕ್ಕ ಬರೆದರು. ಬಡವರ ಗಳಿಕೆ ಕಡಿಮೆ ಅಷ್ಟೇ ಅಲ್ಲ, ಬೇಕಾದ ದಿನಕ್ಕೆ ಅದು ಕೈಗೆ ಬರುವುದೂ ಇಲ್ಲ ಎಂದು ತಿಳಿಯಿತು. ಇದಕ್ಕೆ ಇಷ್ಟೆಲ್ಲ ಓಡಾಟವೇ ಎಂದು ನಮ್ಮ ಮೀನು ಮಾರುವ ಅಕ್ಕಂದಿರು ನಕ್ಕಾರು. ಆದರೆ ಅಕ್ಕ ಹೇಳಿದರೆ ಯಾರು ಕೇಳುತ್ತಾರೆ? ಅಂಕಿ ಹೇಳಿದರೆ ಕೇಳುತ್ತಾರೆ.

ಚಿಲ್ಲರೆ ಉಳಿತಾಯದ ಬೆಲೆ ಕರಾವಳಿಗೆ ಮೊದಲೇ ಗೊತ್ತಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲೇ ಪಿಗ್ಮಿ ಶುರುಮಾಡಿ, ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡಿತ್ತು. ಮೀನು ಸಿಗುವ ತಿಂಗಳಲ್ಲಿ ಮೀನುಗಾರ ಕಟ್ಟಿದ್ದಕ್ಕೆ ಸರ್ಕಾರ ತನ್ನ ಪಾಲು ಸೇರಿಸಿ ಮರಳಿಸುವ ಉಳಿತಾಯ-ಪರಿಹಾರ ಯೋಜನೆಯೂ ಇದೇ ದಾರಿಯದು. ಆ ಹಣ ಜುಲೈಯಲ್ಲಿ ಬಂದರೆ ಊಟಕ್ಕಾಯಿತು, ದೀಪಾವಳಿಗೆ ಬಂದರೆ ಬಟ್ಟೆಗಾಯಿತು.

ನನಗೆ ಸಿಟ್ಟು ಬರುವುದು ಸಾಲದ ವಾರದ ಕಂತಿನ ಮೇಲೆ. ಬೋಟು ದಡದಲ್ಲಿದ್ದರೂ ಕಂತು ನಿಲ್ಲುವುದಿಲ್ಲ. ಅದನ್ನು ತುಂಬಲು ಮನೆಯಾಕೆ ಮೊದಲು ಕೈಬಿಡುವುದು ತನ್ನ ತಟ್ಟೆಯ ಪಲ್ಯವನ್ನು. ಆ ಎರಡು ತಿಂಗಳ ಕಂತನ್ನು ಸೆಪ್ಟೆಂಬರಿನ ಮುಂದಕ್ಕೆ ತಳ್ಳಿದರೆ ಸಾಲ ಕೊಟ್ಟವರ ಗಂಟೇನೂ ಮುಳುಗದು.

ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದುಡಿಮೆಗೆ ಇಳಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಕಾಯಿಯೂ ಉದ್ರಿಯದ್ದೇ.

ನಮಸ್ಕಾರ.