ಸಿಡ್ನಿ ಲ್ಯೂಮೆಟ್: ತಾಲೀಮಿನಲ್ಲಿ ಹುಟ್ಟಿದ ಸಿನಿಮಾ

ನಮಸ್ಕಾರ. ಅಮೆರಿಕದ ನಿರ್ದೇಶಕ ಸಿಡ್ನಿ ಲ್ಯೂಮೆಟ್ ಅವರ ವೃತ್ತಿಬದುಕನ್ನು ಕುರಿತು ಮಾತನಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವರ ಚಿತ್ರಗಳ ಬಗ್ಗೆ ಮಾತು ಬಂದಾಗ ಎಲ್ಲರೂ ನಟರನ್ನು ಹೊಗಳುತ್ತಾರೆ. ಆ ನಟನೆಗೆ ಅಡಿಪಾಯ ಬಿದ್ದದ್ದು ಟೆಲಿವಿಷನ್ ಸ್ಟುಡಿಯೋದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

1924ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಲ್ಯೂಮೆಟ್ ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ತಂದೆ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ರಂಗಭೂಮಿಯ ನಟರಾಗಿದ್ದರಿಂದ ಇವರೂ ಬಾಲ್ಯದಲ್ಲೇ ಬಣ್ಣ ಹಚ್ಚಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿ ನಮ್ಮ ಭಾರತಕ್ಕೂ ಬರ್ಮಾಕ್ಕೂ ಬಂದು ರಾಡಾರ್ ದುರಸ್ತಿಯ ಕೆಲಸ ಮಾಡಿದ್ದರು. 1950ರಲ್ಲಿ ಸಿಬಿಎಸ್ ವಾಹಿನಿಯನ್ನು ಸೇರಿದರು. ಆಗ ಟಿವಿ ನಾಟಕಗಳೆಂದರೆ ಬಹುಪಾಲು ನೇರಪ್ರಸಾರ: ನಟ ಮಾತು ಮರೆತರೂ ಕ್ಯಾಮೆರಾ ತಡವಾಗಿ ತಿರುಗಿದರೂ ಅದು ಹಾಗೆಯೇ ಜನರ ಮನೆಗಳನ್ನು ತಲುಪುತ್ತಿತ್ತು. ಆದ್ದರಿಂದ ಎಲ್ಲವೂ ತಾಲೀಮಿನಲ್ಲೇ ಪಕ್ಕಾ ಆಗಬೇಕಿತ್ತು.

ಆ ಶಿಸ್ತು ಫಲ ಕೊಟ್ಟದ್ದು 1957ರ ‘12 ಆಂಗ್ರಿ ಮೆನ್’ ಚಿತ್ರದಲ್ಲಿ. ಅದು ಅವರ ಮೊದಲ ಸಿನಿಮಾ. ಹನ್ನೆರಡು ಮಂದಿ ಜ್ಯೂರಿ ಸದಸ್ಯರು, ಅಂದರೆ ಮೊಕದ್ದಮೆಯ ತೀರ್ಪು ಹೇಳಲು ಆಯ್ಕೆಯಾದ ಸಾಮಾನ್ಯ ನಾಗರಿಕರು, ಒಂದೇ ಕೋಣೆಯಲ್ಲಿ ಕುಳಿತು ಒಬ್ಬ ಹುಡುಗನ ಸಾವು ಬದುಕನ್ನು ತೀರ್ಮಾನಿಸುತ್ತಾರೆ. ಹಣ ಕಡಿಮೆ, ದಿನಗಳೂ ಕಡಿಮೆ. ಬೆಳಕನ್ನು ಮತ್ತೆ ಮತ್ತೆ ಬದಲಿಸುವ ಖರ್ಚು ತಪ್ಪಿಸಲು, ಒಂದು ದಿಕ್ಕಿಗೆ ದೀಪ ಹೊಂದಿಸಿದ ಮೇಲೆ ಆ ದಿಕ್ಕಿನ ಶಾಟ್‌ಗಳನ್ನೆಲ್ಲ ಒಟ್ಟಿಗೆ ತೆಗೆದರು. ಹೀಗಾಗಿ ಒಬ್ಬನ ಪ್ರಶ್ನೆ ಒಂದು ದಿನ ಚಿತ್ರೀಕರಣವಾದರೆ, ಅದಕ್ಕೆ ಎದುರಿಗಿದ್ದವನ ಉತ್ತರ ಎಷ್ಟೋ ದಿನಗಳ ನಂತರ. ಆದರೂ ಸಿಟ್ಟಿನ ಮಟ್ಟ ಎಲ್ಲಿಯೂ ಏರುಪೇರಾಗದಿರುವುದಕ್ಕೆ ಮೊದಲೇ ನಡೆಸಿದ ಎರಡು ವಾರಗಳ ತಾಲೀಮೇ ಕಾರಣ.

ಇನ್ನು ಕ್ಯಾಮೆರಾ ನೋಡಿ. ಛಾಯಾಗ್ರಾಹಕ ಬೋರಿಸ್ ಕಾಫ್ಮನ್ ಅವರೊಂದಿಗೆ ಲ್ಯೂಮೆಟ್ ರೂಪಿಸಿದ ಯೋಜನೆಯಂತೆ ಅದು ಆರಂಭದಲ್ಲಿ ಪಾತ್ರಗಳ ಕಣ್ಣಿಗಿಂತ ಮೇಲಿರುತ್ತದೆ, ನಡುವೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಯ ಭಾಗದಲ್ಲಿ ಇನ್ನೂ ಕೆಳಗೆ ಸರಿದು ಛಾವಣಿಯನ್ನು ತೋರಿಸುತ್ತದೆ. ಜೊತೆಗೆ ಲೆನ್ಸ್‌ನ ಫೋಕಲ್ ಲೆಂಗ್ತ್ ಹೆಚ್ಚುತ್ತಾ ಹೋಗಿ, ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಲೆನ್ಸ್‌ಗಳು ಬಂದು, ಗೋಡೆಗಳು ಒಳಕ್ಕೆ ಒತ್ತಿಬಂದಂತೆ ಕಾಣುತ್ತವೆ. ನೋಡುವವರಿಗೆ ತಂತ್ರ ಕಾಣಿಸುವುದಿಲ್ಲ, ಉಸಿರು ಮಾತ್ರ ಬಿಗಿಯಾಗುತ್ತದೆ.

‘ಸರ್ಪಿಕೊ’, ‘ನೆಟ್‌ವರ್ಕ್’, ‘ದ ವರ್ಡಿಕ್ಟ್’ ಮುಂತಾದವು ಮುಂದಿನ ದಶಕಗಳಲ್ಲಿ ಬಂದವು. ಅವುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು 1975ರ ‘ಡಾಗ್ ಡೇ ಆಫ್ಟರ್‌ನೂನ್’. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1972ರಲ್ಲಿ ನಿಜವಾಗಿ ನಡೆದ ಬ್ಯಾಂಕ್ ದರೋಡೆಯ ಕಥೆ ಅದು. ತಾಲೀಮಿನಲ್ಲಿ ನಟರು ತಾವಾಗಿಯೇ ಆಡಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಚಿತ್ರಕಥೆಗೆ ಸೇರಿಸಿದರು. ಆರಂಭದ ಹಾಡೊಂದನ್ನು ಬಿಟ್ಟರೆ ಹಿನ್ನೆಲೆ ಸಂಗೀತವನ್ನೇ ಬಳಸಲಿಲ್ಲ. ಬೀದಿಯ ಗದ್ದಲವೇ ಅಲ್ಲಿ ಸಾಕಾಗುತ್ತದೆ.

ಅತ್ಯುತ್ತಮ ನಿರ್ದೇಶಕರ ಆಸ್ಕರ್‌ಗೆ ನಾಲ್ಕು ಬಾರಿ ನಾಮನಿರ್ದೇಶನಗೊಂಡರೂ ಅದು ಅವರ ಕೈಗೆ ಬರಲಿಲ್ಲ. 2005ರಲ್ಲಿ ಕೊಟ್ಟ ಗೌರವ ಆಸ್ಕರ್ ತೀರಾ ತಡವಾಯಿತು ಎಂದೇ ನನ್ನ ಅನಿಸಿಕೆ. ಆದರೆ ಅವರ ಪಾಲಿಗೆ ಅದು ನಿವೃತ್ತಿಯ ಸನ್ಮಾನವಾಗಲಿಲ್ಲ. 2001ರಲ್ಲಿ ‘100 ಸೆಂಟರ್ ಸ್ಟ್ರೀಟ್’ ಎಂಬ ನ್ಯಾಯಾಲಯದ ಧಾರಾವಾಹಿಯ ಮೂಲಕ ಟಿವಿಗೆ ಮರಳಿದ್ದ ಅವರು, ಎಂಬತ್ತು ದಾಟಿದ ಮೇಲೂ ಡಿಜಿಟಲ್ ಕ್ಯಾಮೆರಾದಲ್ಲಿ ‘ಬಿಫೋರ್ ದ ಡೆವಿಲ್ ನೋಸ್ ಯೂ ಆರ್ ಡೆಡ್’ ಚಿತ್ರವನ್ನು ಮಾಡಿ 2007ರಲ್ಲಿ ತೆರೆಗೆ ತಂದರು. ತಂದೆ ತಾಯಿಯ ಒಡವೆ ಅಂಗಡಿಯನ್ನೇ ದೋಚಲು ಹೊರಟ ಇಬ್ಬರು ಅಣ್ಣತಮ್ಮಂದಿರ ಆ ಕಥೆಯಲ್ಲಿ ಎಲ್ಲಿಯೂ ಆಯಾಸದ ಸುಳಿವಿಲ್ಲ.